ಹಳದಿ ಚುಕ್ಕೆಯ ಜೀರುಂಡೆ: ಮೂರರಲ್ಲಿ ಯಾವುದು?

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದವರು ಲದ್ದಿಯ ಸುತ್ತ ಕಾಣುವ ಕಪ್ಪು ಹುಳಗಳನ್ನೆಲ್ಲ ಸಗಣಿ ಹುಳ ಅಂದುಬಿಡುತ್ತಾರೆ. ಬಹಳಷ್ಟು ಸಲ ಅದು ಸರಿಯೇ. ಆದರೆ ಕಲ್ಲೋ ಕೊಳೆತ ಅಡಿಕೆ ಹಾಳೆಯೋ ಎತ್ತಿದಾಗ ಸರ್ರನೆ ಓಡುವ ಉದ್ದಕಾಲಿನ ಹುಳ ಬೇರೆ. ಅದು ನೆಲದ ಜೀರುಂಡೆ. ವಿಜ್ಞಾನದಲ್ಲಿ ಅದರ ಕುಟುಂಬದ ಹೆಸರು ಕ್ಯಾರಾಬಿಡೇ. ಜಗತ್ತಿನಲ್ಲಿ ಸುಮಾರು 40,000 ಪ್ರಭೇದಗಳಿವೆ. ಹೆಚ್ಚಿನವು ಬೇಟೆಯಾಡಿ ಬದುಕುವಂಥವು, ತೋಟಕ್ಕೆ ಒಳ್ಳೆಯವೇ.

ಮೊದಲು ಕುಡಿಮೀಸೆ ನೋಡಿ. ಸಗಣಿ ಹುಳದ ಮೀಸೆಯ ತುದಿ ಪದರ ಪದರವಾಗಿರುತ್ತದೆ. ನೆಲದ ಜೀರುಂಡೆಯದು ಸಪೂರ, ಬಹುಮಟ್ಟಿಗೆ ಒಂದೇ ದಪ್ಪ. ಇನ್ನೊಂದು ಕಪ್ಪು ಹುಳವೂ ಮೋಸ ಮಾಡುತ್ತದೆ: ಟೆನೆಬ್ರಿಯಾನಿಡೇ ಕುಟುಂಬದ್ದು. ಅದರ ಹಿಂಗಾಲಿನ ಪಾದದಲ್ಲಿ 4 ಗೆಣ್ಣು, ನೆಲದ ಜೀರುಂಡೆಗೆ 5.

ಸರಿ, ನೆಲದ ಜೀರುಂಡೆಯೇ ಹೌದು, ಮೈಮೇಲೆ ಹಳದಿ ಗುರುತೂ ಇದೆ. ಈಗ ಯಾವ ಗುಂಪು? ಇಲ್ಲೇ ಎಲ್ಲರೂ ಎಡವುವುದು. ದಕ್ಷಿಣ ಭಾರತದ ಮೂರು ಗುಂಪುಗಳು ಕಪ್ಪು-ಹಳದಿಯಲ್ಲೇ ಬರುತ್ತವೆ. ಬಣ್ಣ ಬಿಡಿ, ಹಿಂಭಾಗ ನೋಡಿ.

ಮೇಲಿನ ಗಟ್ಟಿ ರೆಕ್ಕೆ ತುದಿಯಲ್ಲಿ ಕತ್ತರಿಸಿದಂತೆ ಮೊಟಕಾಗಿ, ಹೊಟ್ಟೆಯ ತುದಿ ಹೊರಗೆ ಕಂಡರೆ ಅದು ಫೆರಾಪ್ಸೋಫಸ್, ಅಂದರೆ ಬಾಂಬಾರ್ಡಿಯರ್ ಜೀರುಂಡೆ. ಸಾಮಾನ್ಯವಾಗಿ ತಲೆ, ಕಾಲು ಹಳದಿ. ರೆಕ್ಕೆಯ ಮೇಲೆ ಉದ್ದುದ್ದ ಏಣುಗಳು. ಒದ್ದೆ ನೆಲ ಇದಕ್ಕೆ ಇಷ್ಟ. ಕೈಯಲ್ಲಿ ಹಿಡಿಯಬೇಡಿ. ಹೊಟ್ಟೆಯೊಳಗೆ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಎರಡು ರಾಸಾಯನಿಕಗಳಿರುತ್ತವೆ. ಕೆಣಕಿದರೆ ಇವು ಪಕ್ಕದ ಗಟ್ಟಿಗೋಡೆಯ ಕೋಣೆಗೆ ನುಗ್ಗುತ್ತವೆ. ಅಲ್ಲಿ ಕಿಣ್ವ ಸೇರಿ, ಹತ್ತಿರಹತ್ತಿರ 100 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಸದ್ದು ಮಾಡುತ್ತ ಚಿಮ್ಮುತ್ತದೆ. ಚರ್ಮ ಉರಿಯುತ್ತದೆ, ಕಂದು ಕಲೆ ಉಳಿಯುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ.

ರೆಕ್ಕೆ ಹೊಟ್ಟೆಯನ್ನು ಪೂರ್ತಿ ಮುಚ್ಚಿದೆಯೇ? ಹಾಗಿದ್ದರೆ ಉಳಿದೆರಡರಲ್ಲಿ ಒಂದು. ಮೈತುಂಬ ರೋಮ, ಪುಟ್ಟ ತಲೆ, ನಾಲ್ಕು ದೊಡ್ಡ ಹಳದಿ ಅಥವಾ ಕಿತ್ತಳೆ ಮಚ್ಚೆ, ಬಾಯಿಯ ಪಕ್ಕದ ಸ್ಪರ್ಶಾಂಗದ ಕೊನೆಯ ಗೆಣ್ಣು ಕೊಡಲಿಯ ಆಕಾರ: ಕ್ರಾಸ್ಪೆಡೋಫೋರಸ್. ತಲೆ-ಎದೆಯಲ್ಲಿ ಹಸಿರು ಅಥವಾ ತಾಮ್ರದ ಹೊಳಪು, ರೆಕ್ಕೆಯ ಮೇಲೆ ನಯವಾದ ಸಣ್ಣ ರೋಮ, ಹಳದಿ ಇದ್ದರೆ ಅಂಚಿನಲ್ಲೋ ಹಿಂಬದಿಯಲ್ಲೋ: ಕ್ಲೇನಿಯಸ್. ಮುಟ್ಟಿದರೆ ಫಿನೈಲ್‌ನಂಥ ಘಾಟು. ಆದರೆ ವಾಸನೆಯೊಂದನ್ನೇ ನಂಬಬೇಡಿ.

ಹೀಗೆ ಗುರುತಿಸಲು ಖರ್ಚು ಎಷ್ಟು? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಭೂತಗನ್ನಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಐನ್ಯಾಚುರಲಿಸ್ಟ್ ಆ್ಯಪ್ ಉಚಿತ. ಫೋಟೋ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ನೆಲದ ಜೀರುಂಡೆಗಳ ಬಗ್ಗೆ ಎಚ್. ಇ. ಆಂಡ್ರ್ಯೂಸ್ 1929 ಮತ್ತು 1935ರಲ್ಲಿ ತಂದ ಎರಡು ಸಂಪುಟಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು. ಎಲ್ಲ ಗುಂಪುಗಳೂ ಅವುಗಳಲ್ಲಿಲ್ಲ, ಕೆಲವು ಹೆಸರು ಈಗ ಬದಲಾಗಿವೆ. ಬಿಡಾರದ ಸುತ್ತಲಿನ ಕಾಡು ಅರಣ್ಯ ಇಲಾಖೆಯದು, ಅನುಮತಿಯಿಲ್ಲದೆ ಹುಳ ಹಿಡಿದು ತರುವಂತಿಲ್ಲ. ಮೇಲಿನಿಂದ, ಪಕ್ಕದಿಂದ, ರೆಕ್ಕೆಯ ತುದಿ ಕಾಣುವಂತೆ ಹಿಂದಿನಿಂದ ಫೋಟೋ ತೆಗೆದರೆ ಗುಂಪು ಹೇಳಲು ಸಾಕು. ಪ್ರಭೇದವೇ ಗೊತ್ತಾಗಬೇಕೆಂದರೆ ಹಲವು ಸಲ ಗಂಡಿನ ಜನನಾಂಗವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದು ಫೋಟೋದಲ್ಲಿ ಆಗುವ ಕೆಲಸವಲ್ಲ.