ಪ್ರೋಗ್ರೆಸಿವ್ ರಾಕ್ ಸಂಗೀತದಲ್ಲಿ ಕೀಲಿಮಣೆ ವಾದಕರ ಬಹುಮುಖತೆ

ಇಂಗ್ಲೆಂಡಿನಲ್ಲಿ ೧೯೬೦ರ ದಶಕದ ಕೊನೆಯಲ್ಲಿ ರೂಪುಗೊಂಡ ಪ್ರೋಗ್ರೆಸಿವ್ ರಾಕ್ ಸಂಗೀತದ ಕೀಲಿಮಣೆ ವಾದಕರನ್ನು ಕುರಿತು ಮಾತನಾಡುವಾಗ ಹಲವರು ಅವರ ಬೆರಳುಗಳ ವೇಗವನ್ನು ಕೊಂಡಾಡುತ್ತಾರೆ. ಆ ವೇಗವನ್ನೇ ಆಡಂಬರವೆಂದು ಹಳಿಯುವವರೂ ಉಂಟು. ಈ ಎರಡು ಪಕ್ಷಗಳೂ ಮುಖ್ಯವಾದುದನ್ನು ಬಿಟ್ಟಿವೆಯೆಂದು ನಮಗೆ ತೋರುತ್ತದೆ. ನೋಟಕ್ಕೆ ಒಂದೇ ತೆರನಾದ ಕೀಲಿಗಳ ಹಿಂದೆ ಪರಸ್ಪರ ಭಿನ್ನವಾದ ಯಂತ್ರಗಳಿದ್ದುವು. ಅವುಗಳ ಸ್ವಭಾವವನ್ನರಿತು ನುಡಿಸಿದುದೇ ಈ ವಾದಕರ ನಿಜವಾದ ಬಹುಮುಖತೆ.

ಪಿಯಾನೋವಿನಲ್ಲಿ ಬೆರಳಿನ ಬಲಕ್ಕೆ ತಕ್ಕಂತೆ ನಾದವು ಏರಿಳಿಯುತ್ತದೆ. ಹುಟ್ಟಿದ ಸ್ವರ ಕ್ರಮೇಣ ಕ್ಷೀಣಿಸುತ್ತದೆ. ೧೯೩೫ರಲ್ಲಿ ಬಳಕೆಗೆ ಬಂದ ಹ್ಯಾಮಂಡ್ ಆರ್ಗನ್ನಿನಲ್ಲಿ ಹಾಗಲ್ಲ. ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೂ ನಾದದ ಪ್ರಮಾಣ ಒಂದೇ. ಅದನ್ನು ಕಾಲಿನ ಪೆಡಲಿನಿಂದಲೂ ನಾದದ ಬಣ್ಣವನ್ನು ಡ್ರಾಬಾರುಗಳೆಂಬ ಎಳೆಸರಳುಗಳಿಂದಲೂ ಬದಲಿಸಬೇಕು. ಮೆಲೊಟ್ರಾನಿನಲ್ಲಿ ಒಂದೊಂದು ಕೀಲಿಗೂ ಪಿಟೀಲು, ಕೊಳಲು ಮೊದಲಾದವುಗಳ ಧ್ವನಿಯನ್ನು ಮುದ್ರಿಸಿದ ಟೇಪುಂಟು. ಅದು ಸುಮಾರು ೮ ಸೆಕೆಂಡುಗಳಲ್ಲಿ ಮುಗಿಯುವುದರಿಂದ, ದೀರ್ಘಸ್ವರವನ್ನು ಬಯಸುವವನು ಅಷ್ಟರೊಳಗೆ ಬೆರಳೆತ್ತಿ ಮತ್ತೆ ಒತ್ತಬೇಕು. ೧೯೭೦ರ ಮಿನಿಮೂಗ್ ಸಿಂಥಸೈಸರಿನಲ್ಲಿ ಏಕಕಾಲಕ್ಕೆ ಒಂದು ಕೀಲಿ ಮಾತ್ರ ನುಡಿಯುತ್ತದೆ. ಬಲಗೈ ನುಡಿಸುತ್ತಿರುವಾಗ ಎಡಗೈ ಚಕ್ರವನ್ನು ತಿರುಗಿಸಿ ಸ್ವರವನ್ನು ಬಾಗಿಸಬಹುದು.

ಇದಕ್ಕೆ ನಿದರ್ಶನಗಳನ್ನು ನೋಡೋಣ. ಯೆಸ್ ತಂಡದ ೧೯೭೧ರ ‘ಫ್ರಜೈಲ್’ ಧ್ವನಿಮುದ್ರಿಕೆಯಲ್ಲಿ ರಿಕ್ ವೇಕ್‌ಮನ್ ಅವರು ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿಯ ಮೂರನೆಯ ಭಾಗದಿಂದ ಆಯ್ದುದನ್ನು ಕೀಲಿಮಣೆಗಳಿಂದಲೇ ನುಡಿಸಿ, ಪದರಪದರವಾಗಿ ಮುದ್ರಿಸಿದರು. ತಂತಿವಾದ್ಯಗಳ ಪಾತ್ರ ಎಲೆಕ್ಟ್ರಿಕ್ ಪಿಯಾನೋವಿಗೂ ಹಿತ್ತಾಳೆಯ ತುತ್ತೂರಿಗಳ ಪಾತ್ರ ಆರ್ಗನ್ನಿಗೂ ಸಂದಿತು. ಕೀತ್ ಎಮರ್ಸನ್ ಅವರು ೧೯೭೦ರ ‘ಲಕಿ ಮ್ಯಾನ್’ ಗೀತೆಯ ಅಂತ್ಯದಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೂಗ್ ವಾದ್ಯದ ಗುಣವನ್ನೇ ಪ್ರಧಾನವಾಗಿಸಿದರು. ಜೆನೆಸಿಸ್ ತಂಡದ ಟೋನಿ ಬ್ಯಾಂಕ್ಸ್ ಅವರಾದರೋ ೧೯೭೨ರ ‘ವಾಚರ್ ಆಫ್ ದಿ ಸ್ಕೈಸ್’ ಗೀತೆಯ ಆರಂಭವನ್ನು ಮೆಲೊಟ್ರಾನಿನ ಗಂಭೀರವಾದ ಸ್ವರಗುಚ್ಛಗಳಿಂದ ಕಟ್ಟಿದರು. ಅಲ್ಲಿ ಬೆರಳಿನ ವೇಗಕ್ಕೆ ಎಡೆಯಿಲ್ಲ. ಆದರೂ ಅದು ಬಹುಮುಖತೆಯೇ.

೧೯೮೩ರಲ್ಲಿ ಮಿಡಿ ಎಂಬ ಸಂಪರ್ಕವ್ಯವಸ್ಥೆ ಬಂದಮೇಲೆ ಒಂದು ಕೀಲಿಮಣೆಯಿಂದ ಹಲವು ವಾದ್ಯಗಳನ್ನು ನುಡಿಸುವುದು ಸುಲಭವಾಯಿತು. ಇಂದು ಆ ಹಳೆಯ ಯಂತ್ರಗಳ ಧ್ವನಿಗಳೆಲ್ಲ ಒಂದೇ ವಾದ್ಯದಲ್ಲಿ ದೊರೆಯುತ್ತವೆ. ಆದರೆ ಧ್ವನಿಯೊಡನೆ ಅದನ್ನು ನುಡಿಸುವ ಶಿಸ್ತು ತಾನಾಗಿ ಬರುವುದಿಲ್ಲ. ಆರ್ಗನ್ನಿನ ಧ್ವನಿಯನ್ನು ಪಿಯಾನೋವಿನ ಬೆರಳಿನಿಂದ ನುಡಿಸಿದರೆ ಅದು ಆರ್ಗನ್ ಆಗಲಾರದು. ಆದುದರಿಂದ ಈ ಸಂಗೀತವನ್ನು ಹೊಗಳುವ ಅಥವಾ ಹಳಿಯುವ ಮೊದಲು, ವಾದಕನ ಕೈ ಯಾವ ಯಂತ್ರದೊಡನೆ ವ್ಯವಹರಿಸುತ್ತಿದೆಯೆಂದು ವಿಚಾರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.