ಊಟದ ಕರೆಗೆ ಓಗೊಡುವ ಗ್ರಂಥಿ

ಭಾಗಮಂಡಲದ ಕಣಿವೆಯಲ್ಲಿ ರಾತ್ರಿ ರೇಡಿಯೋದ ತಿರುಪನ್ನು ತಿರುಗಿಸಿದರೆ, ಬೇಕಾದ ನಿಲಯದ ಬದಲು ದೂರದೇಶದ ಯಾವುದೋ ದನಿ ಕೇಳಿಬರುವುದುಂಟು. ನಮ್ಮ ದೇಹದಲ್ಲಿಯೂ ಇಂತಹ ಪ್ರಮಾದ ನಡೆಯಬಲ್ಲದು. ಅಲ್ಲಿ ಅದರ ಫಲ ಘೋರವಾದುದು.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಗಳಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಆದರೆ ಅವು ಸ್ವತಂತ್ರವಲ್ಲ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಆಜ್ಞೆಯಾಗಿ ಕಳುಹಿಸಬೇಕು. ಅಡ್ರೀನಲ್ ಜೀವಕೋಶಗಳ ಹೊರಪೊರೆಯಲ್ಲಿರುವ ‘ಗ್ರಾಹಕ’ಗಳೆಂಬ ಪ್ರೋಟೀನುಗಳು ಅದನ್ನು ಹಿಡಿಯಬೇಕು. ಕಾರ್ಟಿಸಾಲ್ ಸಾಕಷ್ಟಾದೊಡನೆ ಪಿಟ್ಯುಟರಿಯು ಮೌನ ತಾಳುತ್ತದೆ.

ಕಾರ್ಟಿಸಾಲ್ ಬಹುಕಾಲ ಮಿತಿಮೀರಿದರೆ ಮುಖ ದುಂಡಗೆ ಊದಿಕೊಳ್ಳುತ್ತದೆ. ಹೊಟ್ಟೆ ಬೆಳೆದು ಕೈಕಾಲುಗಳು ಸೊರಗುತ್ತವೆ. ರಕ್ತದೊತ್ತಡ ಏರಿ, ಮೂಳೆಗಳು ದುರ್ಬಲವಾಗುತ್ತವೆ. ಇದನ್ನು 1912ರಲ್ಲಿ ವರ್ಣಿಸಿದ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗನ ಹೆಸರೇ ರೋಗಕ್ಕೆ ನಿಂತಿದೆ.

1992ರಲ್ಲಿ ಕೆನಡಾದ ಲಕ್ರ್ವಾ ಮತ್ತು ಅವರ ಸಂಗಡಿಗರು ಇಂತಹ ಒಬ್ಬ ರೋಗಿಯ ವಿಚಿತ್ರ ವರ್ತನೆಯನ್ನು ಪ್ರಕಟಿಸಿದರು. ಉಪವಾಸದಲ್ಲಿದ್ದಾಗ ಆಕೆಯ ಕಾರ್ಟಿಸಾಲ್ ಕಡಿಮೆ; ಉಂಡೊಡನೆ ಏರಿಕೆ! ಗ್ಲೂಕೋಸನ್ನು ಕುಡಿಸಿದರೆ ಏರುತ್ತಿತ್ತು. ಅದನ್ನೇ ರಕ್ತನಾಳಕ್ಕೆ ಚುಚ್ಚಿದರೆ ಏರುತ್ತಿರಲಿಲ್ಲ. ಎಷ್ಟು ಸರಳವಾದ ಪ್ರಯೋಗ! ಸಕ್ಕರೆಯದಲ್ಲ ತಪ್ಪು; ಸಕ್ಕರೆ ಹಾದುಬಂದ ಕರುಳಿನಿಂದ ಯಾವುದೋ ಸಂದೇಶ ಹೊರಟಿರಬೇಕು. ಆ ಸಂದೇಶವೇ ಜಿ.ಐ.ಪಿ. ಎಂಬ ಹಾರ್ಮೋನು. ಆಹಾರ ಬಂದಿತೆಂದು ಮೇದೋಜೀರಕ ಗ್ರಂಥಿಗೆ ತಿಳಿಸಿ ಇನ್ಸುಲಿನ್ ಹೊರಡಿಸುವುದು ಅದರ ಕೆಲಸ. ಅದನ್ನು ಹಿಡಿಯುವ ಗ್ರಾಹಕಗಳು ಈ ರೋಗಿಗಳ ಅಡ್ರೀನಲ್ ಕೋಶಗಳಲ್ಲಿ ಅಕ್ರಮವಾಗಿ ಮೂಡಿರುತ್ತವೆ.

ಇಲ್ಲಿಯೇ ಅನರ್ಥದ ಮೂಲವಿದೆ. ಕಾರ್ಟಿಸಾಲ್ ಹೆಚ್ಚಿದುದನ್ನು ಕಂಡು ಪಿಟ್ಯುಟರಿಯು ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಕರುಳಿಗೆ ಅದರ ಪರಿವೆಯೇ ಇಲ್ಲ. ಪ್ರತಿ ಊಟಕ್ಕೂ ಅದು ಕೂಗುತ್ತದೆ, ಅಡ್ರೀನಲ್ ಓಗೊಡುತ್ತದೆ. ಯಂತ್ರಶಾಸ್ತ್ರ ಬಲ್ಲವರು ಇದನ್ನು ಕಡಿವಾಣ ತಪ್ಪಿದ ಹಬೆಯಂತ್ರಕ್ಕೆ ಹೋಲಿಸಿಯಾರು.

ಗ್ರಂಥಿಗಳೆರಡರಲ್ಲಿಯೂ ಈ ರೋಗ ಹಬ್ಬಿದವರಲ್ಲಿ ಕೆಡಿಎಂ1ಎ ಎಂಬ ಜೀನಿನ ಆನುವಂಶಿಕ ದೋಷವು 2021ರಲ್ಲಿ ಪತ್ತೆಯಾಯಿತು.

ಚಿಕಿತ್ಸೆಯೋ? ಎರಡು ಗ್ರಂಥಿಗಳನ್ನೂ ಕತ್ತರಿಸಿ ತೆಗೆದರೆ ಜೀವಮಾನವಿಡೀ ಕಾರ್ಟಿಸಾಲಿನ ಸ್ಥಾನದಲ್ಲಿ ಮಾತ್ರೆ ನುಂಗಬೇಕು. ಜಿ.ಐ.ಪಿ.ಯನ್ನು ತಗ್ಗಿಸುವ ಆಕ್ಟ್ರಿಯೊಟೈಡ್ ಮದ್ದಿನ ಗುಣ ಹೆಚ್ಚು ದಿನ ನಿಲ್ಲಲಿಲ್ಲ. ಆದರೆ 1999ರಲ್ಲಿ ಲಕ್ರ್ವಾ ತಂಡವು ಇನ್ನೊಬ್ಬ ಮಹಿಳೆಯ ವೃತ್ತಾಂತವನ್ನು ಪ್ರಕಟಿಸಿತು. ಗರ್ಭಿಣಿಯಾದಾಗಲೆಲ್ಲ ಆಕೆಗೆ ರೋಗಲಕ್ಷಣಗಳು ಕಾಣಿಸಿ, ಹೆರಿಗೆಯ ಬಳಿಕ ಇಳಿಯುತ್ತಿದ್ದುವು. ಮುಟ್ಟು ನಿಂತ ಮೇಲೆ ಸ್ಥಿರವಾಗಿ ನಿಂತುವು. ಆಕೆಯ ಅಡ್ರೀನಲ್ ಕಿವಿಗೊಟ್ಟಿದ್ದುದು ಅಂಡಾಶಯಕ್ಕೆ ಮೀಸಲಾದ ಎಲ್.ಎಚ್. ಹಾರ್ಮೋನಿಗೆ. ಅದನ್ನು ಅಡಗಿಸುವ ಚುಚ್ಚುಮದ್ದಿನಿಂದಲೇ ಕಾರ್ಟಿಸಾಲ್ ಹತೋಟಿಗೆ ಬಂದಿತು, ಗ್ರಂಥಿಗಳು ಉಳಿದುವು.