ಕಣ್ಣಿಗೆ ಕಟ್ಟದ ನಾಳೆ

ಮದ್ದೂರು ಪಕ್ಕದ ಶಿವಪುರದಲ್ಲಿ ಬೆಳೆಯುವ ಮಕ್ಕಳು 1938ರ ಏಪ್ರಿಲ್‌ನ ಧ್ವಜ ಸತ್ಯಾಗ್ರಹದ ಕಥೆ ಕೇಳಿಯೇ ಇರುತ್ತಾರೆ. ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿದ್ದು, ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆ, ಬಂಧನ. ಅದರ ನೆನಪಿನ ಸತ್ಯಾಗ್ರಹ ಸೌಧ ಎದುರಿಗೇ ಇರುವಾಗ ಇದು ಅಷ್ಟಿಷ್ಟು ಕಣ್ಣಿಗೆ ಕಟ್ಟುತ್ತದೆ. ಆ ಸತ್ಯಾಗ್ರಹಕ್ಕೆ ನೂರು ತುಂಬುವ 2038ರಲ್ಲಿ ‘ನೀನೆಲ್ಲಿರ್ತೀಯ ಮಗಾ?’ ಎಂದು ಹತ್ತನೇ ತರಗತಿಯವಳನ್ನು ಕೇಳಿದರೆ? ‘ಡಾಕ್ಟ್ರು’, ‘ಎಂಜಿನಿಯರು’, ಇಲ್ಲವೇ ಬರೀ ‘ಗೊತ್ತಿಲ್ಲ’.

ವಿಚಿತ್ರವೆಂದರೆ, ನಿನ್ನೆಯನ್ನು ನೆನೆಯುವುದಕ್ಕೂ ನಾಳೆಯನ್ನು ಕಾಣುವುದಕ್ಕೂ ಮಿದುಳು ಹೆಚ್ಚುಕಡಿಮೆ ಒಂದೇ ಜಾಗಗಳನ್ನು ಬಳಸುತ್ತದೆ. 1981ರಲ್ಲಿ ಕೆನಡಾದಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ನೆನಪು ಕಳೆದುಕೊಂಡ ಯುವಕನೊಬ್ಬನನ್ನು ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ ವರ್ಷಗಟ್ಟಲೆ ಪರೀಕ್ಷಿಸಿದರು. ಚದುರಂಗದ ನಿಯಮ ಅವನಿಗೆ ಗೊತ್ತಿತ್ತು. ತಾನು ಯಾವತ್ತಾದರೂ ಆಡಿದ ಒಂದು ಆಟ ನೆನಪಿರಲಿಲ್ಲ. ನಾಳೆ ಏನು ಮಾಡುತ್ತೀಯ ಎಂದರೂ ಮನಸ್ಸು ಖಾಲಿ. 2007ರಲ್ಲಿ ಲಂಡನ್ನಿನಲ್ಲಿ ನರವಿಜ್ಞಾನಿ ಎಲೀನರ್ ಮ್ಯಾಗ್ವೈರ್ ತಂಡ, ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಪೆಟ್ಟಾದವರಿಗೆ ಕಡಲತೀರವೊಂದನ್ನು ಊಹಿಸಿಕೊಳ್ಳಿ ಎಂದಿತು. ಚೂರುಪಾರು ಬಂತು, ಚಿತ್ರ ಮೂಡಲಿಲ್ಲ. ನಾಳೆ ಎನ್ನುವುದು ಹಳೇ ಸೀರೆ ತುಂಡುಗಳಿಂದ ಹೊಲಿದ ಕೌದಿ. ಹದಿನೈದರ ಹುಡುಗಿಯ ಬಳಿ ಇರುವ ತುಂಡುಗಳೇ ಕಡಿಮೆ.

ಹೊಲಿಯುವ ಕೈಯೂ ಇನ್ನೂ ಪಳಗಿರುವುದಿಲ್ಲ. ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ 10ರಿಂದ 30 ವಯಸ್ಸಿನ 900ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2009ರಲ್ಲಿ ಹೇಳಿದ್ದಿದು: ಹದಿನಾರರ ಒಳಗಿನವರು ಮುಂದಿನದನ್ನು ಯೋಚಿಸುವುದು ಕಡಿಮೆ, ಕಾದರೆ ಸಿಗುವ ದೊಡ್ಡ ಮೊತ್ತಕ್ಕಿಂತ ಈಗಲೇ ಸಿಗುವ ಸಣ್ಣದೇ ಅವರಿಗೆ ರುಚಿ. ಹಾಗಾಗಿ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಅಪ್ಪ ಅಮ್ಮ ಗಾಬರಿಯಾಗಬೇಕಿಲ್ಲ.

ಗಮನಿಸಬೇಕಾದದ್ದು ಬೇರೆ. ಬ್ರಿಟನ್ನಿನ ಮನೋವಿಜ್ಞಾನಿ ಆಂಡ್ರ್ಯೂ ಮೆಕ್ಲಾಯ್ಡ್ ಜನರಿಗೆ, ಮುಂದೆ ಆಗಬಹುದಾದ ಒಳ್ಳೆಯದನ್ನೂ ಕೆಟ್ಟದ್ದನ್ನೂ ತೋಚಿದಷ್ಟು ಹೇಳಿ ಎಂದು ಕೇಳುತ್ತಿದ್ದರು. ಆತಂಕದಲ್ಲಿರುವವರಿಗೆ ಕೆಟ್ಟದ್ದು ಹೆಚ್ಚು ತೋಚಿತು. ಖಿನ್ನತೆಯಲ್ಲಿರುವವರಿಗೆ ಮುಖ್ಯವಾಗಿ ಒಳ್ಳೆಯದು ತೋಚುವುದೇ ಕಡಿಮೆಯಾಗಿತ್ತು. ನಾವು ಎರಡನ್ನೂ ಸೇರಿಸಿ ‘ಟೆನ್ಶನ್ನು’ ಎಂದುಬಿಡುತ್ತೇವೆ. ಆತಂಕದ ಹುಡುಗ ರಿಸಲ್ಟಿನ ದಿನವನ್ನು ನಿಮಿಷ ನಿಮಿಷವಾಗಿ ವರ್ಣಿಸಬಲ್ಲ: ಯಾರು ಫೋನ್ ಮಾಡುತ್ತಾರೆ, ಅಪ್ಪ ಏನನ್ನುತ್ತಾರೆ ಎಲ್ಲವೂ ಸಮೇತ. ಖಿನ್ನತೆಯ ಹುಡುಗನಿಗೆ ಬರುವ ಭಾನುವಾರವೂ ಮಸಕು. ಸದ್ದಿಲ್ಲದ ಕಾರಣಕ್ಕೇ ಈ ಎರಡನೆಯವನು ನಮ್ಮ ಕಣ್ತಪ್ಪುತ್ತಾನೆ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17ರ ಹರೆಯದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು.

ಎಲ್ಲವನ್ನೂ ಮಿದುಳಿನ ತಲೆಗೆ ಕಟ್ಟುವುದೂ ತಪ್ಪು. ಕೆಆರ್‌ಎಸ್‌ನಲ್ಲಿ ನೀರು ಭರ್ತಿ ಮಟ್ಟವಾದ 124.80 ಅಡಿ ಮುಟ್ಟಿತೇ, ನಾಲೆಗೆ ಬಿಟ್ಟರೇ, ಕಬ್ಬಿನ ಬಾಕಿ ಬಂತೇ ಎಂಬುದರ ಮೇಲೆ ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಕಾಲೇಜು ಫೀಸು ನಿಂತಿರುತ್ತದೆ. ದೊಡ್ಡವರ ಮಾತೇ ‘ನೋಡಣ’ ಎಂಬಲ್ಲಿ ಮುಗಿಯುವ ಮನೆಯಲ್ಲಿ ಮಕ್ಕಳ ನಾಳೆ ಸ್ಪಷ್ಟವಾಗಿರಬೇಕೆನ್ನುವುದು ಅತಿಯಾಸೆ.

ಹಾಗೆಂದು ‘ದೊಡ್ಡ ಕನಸು ಕಾಣು’ ಎಂಬ ಭಾಷಣದ ಮೇಲೂ ನನಗೆ ಅನುಮಾನವಿದೆ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿಯ ಅಧ್ಯಯನಗಳಲ್ಲಿ, ಬರೀ ಸಿಹಿ ಕನಸಿನಲ್ಲಿ ತೇಲಿದವರಿಗೆ ಆ ಹೊತ್ತಿಗೆ ಹಾಯೆನಿಸಿದರೂ ತಿಂಗಳುಗಳ ನಂತರ ಖಿನ್ನತೆಯ ಲಕ್ಷಣ ಹೆಚ್ಚೇ ಕಂಡವು. ಬಯಕೆಯ ಜೊತೆಗೆ ಅದಕ್ಕೆ ಅಡ್ಡ ಬರುವುದನ್ನೂ ಕಣ್ಣೆದುರು ತಂದುಕೊಳ್ಳಿ ಎನ್ನುತ್ತಾರೆ ಅವರು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದದ್ದು ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ: ಎಡವಿದ ಹುಡುಗಿಗೆ ಅಡ್ಡಿಯ ಜೊತೆಗೆ ಅದರಾಚೆಯ ಮುಂದಿನ ತಾರೀಖೂ ಕಾಣುತ್ತಿತ್ತು.

ಆದ್ದರಿಂದ ಹಬ್ಬಕ್ಕೆ ಬಂದ ನೆಂಟರು ‘ಮುಂದೇನಾಗ್ತೀಯ?’ ಎನ್ನುವ ಬದಲು, ‘ಈ ಶನಿವಾರ ಸ್ಕೂಲು ಬಿಟ್ಟ ಮೇಲೆ ಯಾರ ಜೊತೆ, ಎಲ್ಲಿಗೆ?’ ಎಂದು ಕೇಳಬಹುದು. ಆಡುತ್ತಾ ಹರಟುತ್ತಾ ಇದ್ದ ಹುಡುಗನಿಗೆ ವಾರಗಟ್ಟಲೆ ಈ ಸಣ್ಣ ಪ್ರಶ್ನೆಗೂ ಉತ್ತರ ಹೊರಡದಿದ್ದರೆ, ನಿದ್ದೆ, ಊಟವೂ ಕೆಟ್ಟಿದ್ದರೆ, ಪಕ್ಕದಲ್ಲಿ ಕೂತು ನೇರವಾಗಿಯೇ ಮಾತಾಡಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.